ಇದು ಯಾವ ಉಕ್ಕು, ಯಾರು ಮಾಡಿದ್ದು?

ಜಪಾನಿನ ಹಳೆಯ ಸಾಮಾನಿನ ಅಂಗಡಿಯಲ್ಲೋ, ದೇವಾಲಯದ ಅಂಗಳದ ಸಂತೆಯಲ್ಲೋ ಅಡುಗೆ ಚಾಕು ಕೊಂಡ ಕನ್ನಡಿಗರೆಲ್ಲ ಕೊನೆಗೆ ನನ್ನ ಮೊಬೈಲಿಗೆ ಬಂದು ಸೇರುತ್ತಾರೆ. ನಾನು ಒಸಾಕಾದಲ್ಲಿ ಇದ್ದೇನೆ, ಬಿಡುವಿನಲ್ಲಿ ಹಳೆಯ ಚಾಕುಗಳನ್ನು ಮಸೆಯುತ್ತೇನೆ ಎಂಬ ಸುದ್ದಿ ಹೇಗೋ ಹಬ್ಬಿದೆ. ಅದರ ಫಲ ಉಣ್ಣುತ್ತಿದ್ದೇನೆ. "ಇದು ಯಾವ ಸ್ಟೀಲು, ಯಾರು ಮಾಡಿದ್ದು? ಸುಮ್ಮನೆ ಒಮ್ಮೆ ನೋಡಿ ಹೇಳಿ ಸಾರ್."

ಉತ್ತರ ಹೀಗಿದೆ. ಅಲಗಿನ ಮೇಲೆ ಮುದ್ರೆ ಇದ್ದರೆ ಅದನ್ನು ಮಾರಿದವರು ಯಾರೆಂದು ಹೇಳಬಹುದು. ಮಾಡಿದವರು ಯಾರೆಂದು ಹೆಚ್ಚಿನ ಸಲ ಹೇಳಲಾಗದು. ಉಕ್ಕಿನ ಹೆಸರನ್ನು ಅಲಗಿನ ಮೇಲೆಯೇ ಬರೆದಿರದಿದ್ದರೆ ಫೋಟೋ ನೋಡಿ ಅದನ್ನು ಹೇಳುವವರು ಊಹಿಸುತ್ತಿದ್ದಾರೆ ಎಂದೇ ತಿಳಿಯಿರಿ. ಇಷ್ಟು ಸಾಕೆನಿಸಿದವರು ಇಲ್ಲಿಗೇ ನಿಲ್ಲಿಸಬಹುದು.

ನನ್ನನ್ನು ಕೆಣಕುವುದು ಆ "ಸುಮ್ಮನೆ ನೋಡಿ". ಬರುವ ಫೋಟೋದಲ್ಲಿ ಚಾಕು ಗ್ರಾನೈಟ್ ಕಟ್ಟೆಯ ಮೇಲೆ ಮಾರು ದೂರದಲ್ಲಿ ಮಲಗಿರುತ್ತದೆ. ಅಂದಕ್ಕೆಂದು ಪಕ್ಕದಲ್ಲಿ ಎರಡು ಟೊಮೆಟೊ ಇಟ್ಟಿರುತ್ತಾರೆ. ಅಕ್ಷರಗಳ ಮೇಲೆ ತುಕ್ಕು ಇರುತ್ತದೆ, ಇಲ್ಲವಾದರೆ ಹೆಬ್ಬೆರಳು ಇರುತ್ತದೆ.

ದೀಪಾವಳಿಯ ಊಟಕ್ಕೆ ಬಳಗದವರೊಬ್ಬರ ಮನೆಯಲ್ಲಿ ಸೇರಿದ್ದೆವು. ಆಗಷ್ಟೇ ಊರಿನಿಂದ ಬಂದು ಕೆಲಸಕ್ಕೆ ಸೇರಿದ್ದ ಒಬ್ಬರು ಒಬ್ಬಟ್ಟು ಬಡಿಸುವ ಹೊತ್ತಿಗೆ ಚೀಲದಿಂದ ಟವೆಲ್ ಸುತ್ತಿದ ದೇಬಾ ಚಾಕುವೊಂದನ್ನು ತೆಗೆದರು. ದೇಬಾ ಎಂದರೆ ಮೀನಿನ ತಲೆ ಕಡಿಯುವ ದಪ್ಪ ಅಲಗಿನ ಚಾಕು. ನಮ್ಮದು ಶುದ್ಧ ಸಸ್ಯಾಹಾರದ ಪಂಕ್ತಿ. "ರೈಲಿನಲ್ಲೇ ತಂದಿರಾ?" ಎಂದು ಕೇಳಿದೆ. "ಹೌದು, ಯಾಕೆ?" ಎಂದರು. ಸಕಾರಣವಿಲ್ಲದೆ 6 ಸೆಂಟಿಮೀಟರಿಗಿಂತ ಉದ್ದದ ಅಲಗನ್ನು ಹೊತ್ತು ತಿರುಗುವುದು ಇಲ್ಲಿ ಅಪರಾಧ ಎಂದೆ. ಪೊಲೀಸರು ತಡೆದಿದ್ದರೆ ಏನು ಹೇಳುತ್ತಿದ್ದಿರಿ ಎಂದರೆ, "ನಿಮಗೆ ತೋರಿಸಲು ಒಯ್ಯುತ್ತಿದ್ದೇನೆ ಎನ್ನುತ್ತಿದ್ದೆ" ಎಂದರು. ನನ್ನ ಹೆಸರು ಠಾಣೆಯವರೆಗೂ ಹೋಗುವುದರಲ್ಲಿತ್ತು.

ಅವರು ಮೊದಲೇ ಸಂಶೋಧನೆ ಮುಗಿಸಿಕೊಂಡು ಬಂದಿದ್ದರು. ಮೊಬೈಲಿನ ಆ್ಯಪ್ ಅಕ್ಷರಗಳನ್ನು ಓದಿಕೊಟ್ಟಿತ್ತು. "ಇದನ್ನು ಮಾಡಿದವನು ತೋರೋಕು ಅಂತೆ. ದೊಡ್ಡ ಹೆಸರೇ?" ತೋರೋಕು ಎಂದರೆ ಮುದ್ರೆ ನೋಂದಾಯಿತ ಎಂದಷ್ಟೇ ಅರ್ಥ, ಅದು ಸಾವಿರಾರು ಚಾಕುಗಳ ಮೇಲೆ ಇರುತ್ತದೆ ಎಂದೆ. "ಹಾಗಾದರೆ ಪಕ್ಕದಲ್ಲಿರುವ ಈ ಸಕಾಯಿ?" ಅದು ಊರು ಮಾರಾಯರೇ. ಒಸಾಕಾದ ದಕ್ಷಿಣಕ್ಕೆ ಯಾಮಾತೊ ನದಿ ದಾಟಿದರೆ ಸಿಗುವ ಊರು. "ಸರಿ, ಆ ಊರಿನಲ್ಲಿ ಯಾರು ಮಾಡಿದ್ದು?"

ಎಲ್ಲರೂ ಎಡವುವುದು ಇಲ್ಲಿಯೇ. ಸಕಾಯಿಯಲ್ಲಿ ಒಂದು ಚಾಕುವನ್ನು ಒಬ್ಬರೇ ಮಾಡುವುದು ವಾಡಿಕೆಯಲ್ಲ. ಕಮ್ಮಾರ ಮೆದು ಕಬ್ಬಿಣಕ್ಕೆ ಉಕ್ಕನ್ನು ಬೆಸೆದು, ಬಡಿದು, ಹದ ಹಾಕುತ್ತಾನೆ. ಅಲ್ಲಿಂದ ಅಲಗು ಸಾಣೆಯವನ ಬಳಿ ಹೋಗುತ್ತದೆ. ಅದನ್ನು ತೆಳುಗೊಳಿಸಿ ಬಾಯಿ ತೆಗೆಯುವವನು ಅವನು. ಹಿಡಿ ಕೂರಿಸುವವನು ಬೇರೆ. ಇವರೆಲ್ಲರಿಗೂ ಕೆಲಸ ಹಂಚಿ, ಸರಕು ಕೊಂಡು, ತನ್ನ ಮುದ್ರೆ ಹಾಕಿ ಮಾರುವವನು ಸಗಟು ವ್ಯಾಪಾರಿ. ಒಬ್ಬ ಕಮ್ಮಾರ ಹಲವು ವ್ಯಾಪಾರಿಗಳಿಗೆ ಬಡಿದುಕೊಡುತ್ತಾನೆ, ಒಬ್ಬ ವ್ಯಾಪಾರಿ ಹಲವು ಕಮ್ಮಾರರಿಂದ ಕೊಳ್ಳುತ್ತಾನೆ. ಒಂದೇ ಕೈ ಬಡಿದ ಎರಡು ಅಲಗುಗಳು ಎರಡು ಹೆಸರಿನಲ್ಲಿ ಎರಡು ಬೆಲೆಗೆ ಹೋಗುವುದು ಇಲ್ಲಿ ಮಾಮೂಲು. ಇಳಕಲ್ ಸೀರೆಗೆ ಅಂಟಿಸಿದ ಅಂಗಡಿಯ ಚೀಟಿ ನೋಡಿ ನೇಕಾರನ ಹೆಸರು ಹೇಳಿ ಎಂದರೆ ಹೇಗೆ? ಎಚಿಜೆನ್‌, ಸಾಂಜೊ, ತೋಸಾ ಕಡೆಗಳಲ್ಲಿ ಬಡಿಯುವುದರಿಂದ ಮಸೆಯುವವರೆಗೆ ಒಂದೇ ಸೂರಿನಡಿ ಮಾಡುವ ಕಮ್ಮಾರಸಾಲೆಗಳಿವೆ, ಅಲ್ಲಿ ಈ ಪ್ರಶ್ನೆಗೆ ತಕ್ಕಮಟ್ಟಿಗೆ ಅರ್ಥವಿದೆ. ಇನ್ನು, ಅಕ್ಷರಗಳನ್ನು ಅಚ್ಚೊತ್ತದೆ ಉಳಿಯಿಂದ ಕೆತ್ತಿದ ಮಾತ್ರಕ್ಕೆ ಅದು ಕಮ್ಮಾರನ ಸಹಿಯಲ್ಲ. ಕೆತ್ತುವವರು ಅಂಗಡಿಯಲ್ಲೂ ಇರುತ್ತಾರೆ.

ಇಷ್ಟೆಲ್ಲ ಕೇಳಿಸಿಕೊಂಡು ಅವರು ಅಂದದ್ದು: "ಅಂದರೆ ಇದು ಒರಿಜಿನಲ್ ಅಲ್ಲವೇ?" ನಾನು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡೆ.

ಉಕ್ಕಿನ ಕಥೆ ಇನ್ನೂ ಕಗ್ಗಂಟು. ಈ ಚಾಕುಗಳ ಪ್ರಸಿದ್ಧ ಉಕ್ಕುಗಳು ಶಿಮಾನೆ ಪ್ರಾಂತ್ಯದ ಯಾಸುಗಿಯಿಂದ ಬರುತ್ತವೆ. ಹಿಟಾಚಿ ಮೆಟಲ್ಸ್ ಎಂದಿದ್ದ ಆ ಕಂಪನಿಯ ಹೆಸರು 2023ರಿಂದ ಪ್ರೊಟೀರಿಯಲ್. ಬಿಳಿ ಕಾಗದ, ನೀಲಿ ಕಾಗದ, ಹಳದಿ ಕಾಗದ ಎಂದು ಉಕ್ಕನ್ನು ಕರೆಯುವುದು ಅದಕ್ಕೆ ಹಚ್ಚುತ್ತಿದ್ದ ಕಾಗದದ ಬಣ್ಣದಿಂದ, ಉಕ್ಕಿನ ಬಣ್ಣದಿಂದಲ್ಲ. ಆದ್ದರಿಂದ "ಸ್ವಲ್ಪ ನೀಲಿ ಹೊಳಪಿದೆ ಸಾರ್" ಎಂದು ಬರೆಯಬೇಡಿ. ಬಿಳಿಯದು ಬಹುಪಾಲು ಶುದ್ಧ ಇಂಗಾಲದ ಉಕ್ಕು, ನೀಲಿಗೆ ಕ್ರೋಮಿಯಂ ಮತ್ತು ಟಂಗ್‌ಸ್ಟನ್ ಬೆರೆಸಿರುತ್ತಾರೆ. ಬಿಳಿಯಲ್ಲೇ ಒಂದನೆಯ ನಂಬರಿಗೆ ಶೇ. 1.25ರಿಂದ 1.35, ಎರಡನೆಯ ನಂಬರಿಗೆ ಶೇ. 1.05ರಿಂದ 1.15 ಇಂಗಾಲ. ಆ ಅಂತರವನ್ನು ನಾನು ವಾಟ್ಸ್‌ಆ್ಯಪ್ ಫೋಟೋದಲ್ಲಿ ಕಾಣಬೇಕಂತೆ.

ಸ್ಟೇನ್‌ಲೆಸ್ ಹೌದೋ ಅಲ್ಲವೋ ಎಂಬುದನ್ನು ಮಾತ್ರ ನೀವೇ ತಿಳಿಯಬಹುದು. ಬಾಯಿಯ ಬಳಿ ನಿಂಬೆರಸವೋ ಹುಣಸೆ ರಸವೋ ಒಂದು ಹನಿ ಇಟ್ಟು ಸ್ವಲ್ಪ ಹೊತ್ತು ಬಿಡಿ. ಇಂಗಾಲದ ಉಕ್ಕು ಕಪ್ಪಾಗುತ್ತದೆ. ಅಯಸ್ಕಾಂತ ಹಿಡಿದು ವಿಡಿಯೊ ಕಳಿಸುವವರಿಗೆ ಒಂದು ಮಾತು: ಹದ ಹಾಕಿದ ಸ್ಟೇನ್‌ಲೆಸ್ ಚಾಕುವೂ ಅಯಸ್ಕಾಂತಕ್ಕೆ ಅಂಟುತ್ತದೆ. ಗ್ರೈಂಡರಿಗೆ ಒಡ್ಡಿ ಕಿಡಿ ನೋಡಬಹುದು, ಟಂಗ್‌ಸ್ಟನ್ ಇದ್ದರೆ ಕಿಡಿ ಮಂಕಾಗುತ್ತದೆ. ಆದರೆ ನೀವು ಸವೆಸುತ್ತಿರುವುದು ಅದೇ ಚಾಕುವನ್ನು. ಗುಜರಿ ವ್ಯಾಪಾರಿಗಳ ಬಳಿ ಇರುವ ಎಕ್ಸ್‌ರೇ ಗನ್ ಕ್ರೋಮಿಯಂ, ಟಂಗ್‌ಸ್ಟನ್ ತೋರಿಸುತ್ತದೆ. ಇಂಗಾಲ ಅದಕ್ಕೆ ಕಾಣುವುದಿಲ್ಲ, ಹಾಗಾಗಿ ಬಿಳಿ ಒಂದೂ ಬಿಳಿ ಎರಡೂ ಅದರ ಮಟ್ಟಿಗೆ ಒಂದೇ. ಬೆಸುಗೆಯ ಅಲಗಿನಲ್ಲಿ ತಪ್ಪು ಜಾಗಕ್ಕೆ ಹಿಡಿದರೆ ಅದು ಹೊದಿಕೆಯ ಮೆದು ಕಬ್ಬಿಣವನ್ನು ಓದಿ ವರದಿ ಕೊಡುತ್ತದೆ.

ಸಮುರಾಯಿ ಖಡ್ಗದ ಉಕ್ಕೇ ಎಂದು ಕೇಳುವವರೂ ಇದ್ದಾರೆ. ಅಲ್ಲ. ಆ ತಮಹಗನೆ ಉಕ್ಕನ್ನು ಅದೇ ಶಿಮಾನೆಯ ಒಕುಇಜುಮೊದಲ್ಲಿ, 1977ರಲ್ಲಿ ಮತ್ತೆ ಹೊತ್ತಿಸಿದ ಕುಲುಮೆಯಲ್ಲಿ ಚಳಿಗಾಲದಲ್ಲಿ ಮಾತ್ರ ತೆಗೆಯುತ್ತಾರೆ. ಅದು ಹೋಗುವುದು ಖಡ್ಗ ಮಾಡುವವರಿಗೆ. ನಿಮ್ಮ ಈರುಳ್ಳಿಗಲ್ಲ.

ಉಕ್ಕಿನ ಹೆಸರು ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಬಿಳಿ ಎರಡನ್ನು ಸುಮಾರು 800 ಡಿಗ್ರಿಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ಶಾಖ ಮೀರಿದರೆ ಒಳಗಿನ ಕಣಗಳು ಒರಟಾಗಿ ಬಾಯಿ ಉದುರುತ್ತದೆ, ಕಡಿಮೆಯಾದರೆ ಬೇಗ ಮೊಂಡಾಗುತ್ತದೆ. ಆ ದಿನ ಕಮ್ಮಾರನ ಕಣ್ಣು ಬೆಂಕಿಯ ಬಣ್ಣವನ್ನು ಸರಿಯಾಗಿ ಅಳೆಯಿತೇ ಎಂಬುದಕ್ಕೆ ಮುದ್ರೆ ಇಲ್ಲ.

ಯಾರೂ ಕೇಳದ ಪ್ರಶ್ನೆಯೊಂದಿದೆ: ಇದರಲ್ಲಿ ಇನ್ನೆಷ್ಟು ಉಕ್ಕು ಉಳಿದಿದೆ? ಇದನ್ನು ಕೇಳಿದರೆ ರಾತ್ರಿ ಹನ್ನೊಂದಕ್ಕೂ ಉತ್ತರಿಸುತ್ತೇನೆ. ಮನೆಗಳಲ್ಲಿ ತರಕಾರಿ ಹೆಚ್ಚುತ್ತಿದ್ದ ಹಳೆಯ ನಾಕಿರಿ ಚಾಕುಗಳ ಮೇಲೆ ವಾರಿಕೋಮಿ ಎಂಬ ಮುದ್ರೆ ಇರುತ್ತದೆ. ಮೆದು ಕಬ್ಬಿಣವನ್ನು ಸೀಳಿ ನಡುವೆ ಉಕ್ಕಿನ ಪಟ್ಟಿ ಸೇರಿಸಿದ್ದು ಎಂದರ್ಥ. ಆ ಪಟ್ಟಿ ಬೆನ್ನಿನವರೆಗೆ ಹೋಗುವುದಿಲ್ಲ. ಹಿಂದಿನ ಮನೆಯವರು ವರ್ಷಗಟ್ಟಲೆ ಮಸೆದು ಉಕ್ಕನ್ನೆಲ್ಲ ತಿಂದು ಮುಗಿಸಿದ್ದರೆ ನಿಮ್ಮ ಕೈಗೆ ಬಂದದ್ದು ಬರೀ ಕಬ್ಬಿಣ. ಬೆಳಿಗ್ಗೆ ಮಸೆದರೆ ಸಂಜೆಗೆ ಮೊಂಡು. ಹಿಡಿಯ ಕಡೆ ಅಲಗು ಮುಗಿಯುವ ಅಂಚನ್ನು ಉಜ್ಜಿ ನಯಮಾಡಿ, ವಿನೆಗರ್ ಸವರಿ. ಉಕ್ಕು ಒಂದು ಬಣ್ಣಕ್ಕೆ, ಕಬ್ಬಿಣ ಇನ್ನೊಂದಕ್ಕೆ ತಿರುಗಿ, ಪಟ್ಟಿ ಎಲ್ಲಿಯವರೆಗೆ ಏರಿದೆ ಎಂದು ಕಾಣುತ್ತದೆ.

ದೇಬಾದಂತಹ ಒಂದೇ ಕಡೆ ಬಾಯಿ ತೆಗೆದ ಚಾಕುಗಳಲ್ಲಿ ಹಿಂಬದಿ ನೋಡಬೇಕು. ಗಟ್ಟಿ ಉಕ್ಕು ಇರುವುದು ಅಲ್ಲಿ. ನಡುವೆ ತುಸು ತಗ್ಗು, ಸುತ್ತ ತೆಳುವಾದ ಸಮತಟ್ಟು ಅಂಚು ಇದ್ದರೆ ಒಳ್ಳೆಯದು. ಆ ಅಂಚು ಬೆರಳಗಲ ಹರಡಿದ್ದರೆ ಯಾರೋ ಹಿಂಬದಿಯನ್ನು ಕಲ್ಲಿಗೆ ಒತ್ತಿ ಒತ್ತಿ ಸವೆಸಿದ್ದಾರೆ. ಮುಂಬದಿಯ ತುಕ್ಕಿಗೆ ಹೆದರಬೇಡಿ, ಮಸೆಯುವಾಗ ಹೋಗುತ್ತದೆ. ಹಿಂಬದಿಯ ಉಕ್ಕಿನಲ್ಲಿ ತುಕ್ಕು ಆಳವಾದ ಕುಳಿ ತೋಡಿದ್ದರೆ ಕೊಳ್ಳಲೇಬೇಡಿ. ಮಸೆಯುತ್ತ ಬಾಯಿ ಆ ಕುಳಿಯನ್ನು ಮುಟ್ಟಿದ ದಿನ ಅಲ್ಲಿಯೇ ಮುರಿಯುತ್ತದೆ. ದೀಪಾವಳಿಯ ಆ ದೇಬಾದ ಹಿಂಬದಿ ಹೊಸದರಂತಿತ್ತು. ಕೊಂಡವರು ಹೆಚ್ಚು ಬಳಸಿಯೇ ಇರಲಿಲ್ಲ. ನಿಮ್ಮ ಆಯುಷ್ಯಕ್ಕೆ ಸಾಕಾಗುತ್ತದೆ ಎಂದೆ. "ಮಾರಿದರೆ ಎಷ್ಟು ಬರಬಹುದು?" ಎಂದರು.

ಕಳಿಸಲೇಬೇಕು ಎನ್ನುವವರು ಹಿಂಬದಿ, ಬೆನ್ನು, ಅಕ್ಷರಗಳು ಮೂರನ್ನೂ ಹತ್ತಿರದಿಂದ, ಟೊಮೆಟೊ ಇಲ್ಲದೆ ಕಳಿಸಿ. ಅಕ್ಷರ ಸ್ಪಷ್ಟವಾಗಲಿ ಎಂದು ಉಪ್ಪುಕಾಗದ ಹಾಕಿ ತಿಕ್ಕಬೇಡಿ. ಮುದ್ರೆಯನ್ನು ಪೂರ್ತಿ ಉಜ್ಜಿ ಅಳಿಸಿ, "ಇಲ್ಲಿ ಏನೋ ಬರೆದಿತ್ತು, ಏನಿರಬಹುದು ಹೇಳಿ ಸಾರ್" ಎಂದು ಕೇಳಿದವರೂ ಇದ್ದಾರೆ. ಅವರಿಗೆ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ.