ಈಳಿಗೆಮಣೆಗೆ ಕಿಟ್‌ನಲ್ಲಿ ಏನೂ ಇಲ್ಲ

ಅಮೆರಿಕದಲ್ಲಿರುವ ನಾದಿನಿ ನನ್ನ ಮಗಳಿಗೆಂದು ಒಂದು ಸೇಫ್ಟಿ ಕಿಟ್ ಕಳಿಸಿದ್ದಳು. ಟೀಪಾಯಿ ಮೂಲೆಗೆ ಅಂಟಿಸುವ ರಬ್ಬರ್, ಫ್ರಿಜ್ಜಿಗೊಂದು ಚಿಲಕ, ಪ್ಲಗ್ ಮುಚ್ಚಳ, ಕಪಾಟನ್ನು ಗೋಡೆಗೆ ಬಿಗಿಯುವ ಪಟ್ಟಿ. ಪ್ಲಗ್ ಮುಚ್ಚಳ ಅಲ್ಲಿಯ ಚಪ್ಪಟೆ ತೂತಿಗೆ ಮಾಡಿದ್ದು, ನಮ್ಮ ದುಂಡು ಪಿನ್ನಿನ ಬೋರ್ಡಿಗೆ ಕೂರಲೇ ಇಲ್ಲ. ಅದು ಹೋಗಲಿ. ಈಳಿಗೆಮಣೆಗೆ ಏನು? ತೂಗುಮಣೆಗೆ ಏನು? ಮಾವನ ಎಲೆ ಅಡಿಕೆ ತಟ್ಟೆಗೆ ಏನು?

ಶಿವಮೊಗ್ಗದ ನಮ್ಮ ಮನೆಯ ಕೆಳಭಾಗ ಹಳೆಯದು, ಮಹಡಿ ಹೊಸದು. ಮಗಳಿಗೆ ಒಂದೂವರೆ ವರ್ಷ. ನಡಿಗೆ ಅನ್ನೋದು ಅವಳಿಗೆ ಗೊತ್ತಿಲ್ಲ, ಓಟ ಮಾತ್ರ.

ಅತ್ತೆ ನೆಲದ ಮೇಲೆ ಕೂತೇ ಹೆಚ್ಚುವವರು. ಕಟ್ಟೆ ಮೇಲೆ ಚಾಕುವಿನಲ್ಲಿ ಹೆಚ್ಚಿ ಅಂದರೆ, "ಕಾಯಿ ತುರಿಯೋದು ಯಾವುದರಲ್ಲಿ, ನಿನ್ನ ತಲೆಯಲ್ಲಾ?" ಅಂದರು. ಕೊನೆಗೆ ಆಚಾರಿಯನ್ನು ಕರೆಸಿ ಅಡುಗೆಮನೆಗೆ ಸೊಂಟದೆತ್ತರದ ಅರ್ಧ ಬಾಗಿಲು ಮಾಡಿಸಿದೆವು. ಕೆಲಸ ಮುಗಿದ ಕೂಡಲೇ ಈಳಿಗೆಮಣೆ ಗೋಡೆಯ ಮೊಳೆಗೆ. ಈಗ ಕುದಿಯುವ ಸಾರು, ಕುಕ್ಕರ್, ಎಲ್ಲವೂ ಆ ಬಾಗಿಲಿನ ಆಚೆಗೇ.

ತೂಗುಮಣೆಯದ್ದೇ ದೊಡ್ಡ ಪಂಚಾಯ್ತಿ. ಹಲಸಿನ ಹಲಗೆ, ಇಬ್ಬರು ಹಿಡಿದರೆ ಮಾತ್ರ ಎತ್ತಲಾಗುವಷ್ಟು ಭಾರ. ಅದರ ಅಂಚು ಅವಳ ಎದೆಯ ಮಟ್ಟಕ್ಕಿದೆ, ಬಗ್ಗಿ ಏನಾದರೂ ಹೆಕ್ಕಿದರೆ ನೇರ ಹಣೆಗೆ. ಕೂತವರು ಎದ್ದು ಹೋದ ಮೇಲೂ ಅದು ತೂಗುತ್ತಲೇ ಇರುತ್ತದಲ್ಲ, ಅಪಾಯ ಇರೋದೇ ಆವಾಗ. ತೆಗೆದುಬಿಡೋಣ ಅಂದರೆ ಮಾವ ಊಟ ಬಿಟ್ಟಾರು, ಊಟದ ನಂತರದ ತೂಗುಮಣೆ ಬಿಡೋರಲ್ಲ. ಈಗ ಸರಪಳಿಯ ಮೇಲಿನ ಕೊಂಡಿಗೆ ಕೊಕ್ಕೆ ಹಾಕಿ, ಅವರು ಎದ್ದ ತಕ್ಷಣ ಹಲಗೆಯನ್ನು ದೊಡ್ಡವರ ಎದೆಮಟ್ಟಕ್ಕೆ ಎತ್ತಿಬಿಡುತ್ತೇವೆ. ನನ್ನ ಗಂಡನ ಮೊಣಕೈಗೆ ಆಗಾಗ ತಾಗುತ್ತದೆ. ತಾಗಲಿ.

ಅವರ ಎಲೆ ಅಡಿಕೆ ತಟ್ಟೆಯ ವಿಷಯದಲ್ಲಿ ಮಾತ್ರ ನಾನು ಹಟ ಮಾಡಿದೆ. ಅಡಿಕೆ ಹೋಳು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನೋದು ಎಲ್ಲರಿಗೂ ಗೊತ್ತು. ಸುಣ್ಣದ ಬಗ್ಗೆ ಯಾರೂ ಹೇಳಲ್ಲ. ಆ ಪುಟ್ಟ ಪ್ಲಾಸ್ಟಿಕ್ ಪ್ಯಾಕೆಟ್ಟನ್ನು ಮಗು ಹಿಚುಕಿದರೆ ಸುಣ್ಣ ಚಿಮ್ಮಿ ಕಣ್ಣಿಗೇ ಹಾರುತ್ತದೆ. ಅದು ಖಾರ ಬಿದ್ದ ಹಾಗಲ್ಲ. ಕಾರ್ನಿಯಾವನ್ನೇ ಸುಡುತ್ತದೆ, ದೃಷ್ಟಿ ಹೋಗಬಹುದು. ಹಾಗೇನಾದರೂ ಆದರೆ ಉಜ್ಜಬಾರದು. ರೆಪ್ಪೆ ಬಿಡಿಸಿ ಹಿಡಿದು, ಬೇರೇನೂ ಯೋಚಿಸದೆ ತುಂಬಾ ಹೊತ್ತು ನೀರು ಹರಿಸಬೇಕು, ಆಮೇಲೆ ಕಣ್ಣಿನ ಡಾಕ್ಟರ ಹತ್ತಿರ ಓಡಬೇಕು. ಮಾವನಿಗೆ ಇದನ್ನು ಹೇಳಿದ ದಿನವೇ ತಟ್ಟೆ ಅಟ್ಟಳಿಗೆಯ ಮೇಲೆ ಹೋಯಿತು. ವಾದ ಮಾಡಲಿಲ್ಲ, ಆಶ್ಚರ್ಯ.

ಬಚ್ಚಲಿಗೆ ಹೊರಗಿನಿಂದ, ಮೇಲ್ಗಡೆ ಬೋಲ್ಟ್. ಈ ವಯಸ್ಸಿನವರಿಗೆ ತಲೆಯೇ ಭಾರ, ಬಕೆಟ್ಟಿಗೆ ಬಗ್ಗಿ ತಲೆಕೆಳಗಾಗಿ ಬಿದ್ದರೆ ಎದ್ದು ಬರೋಕಾಗಲ್ಲ. ಒಂದೆರಡು ಇಂಚು ನೀರಿದ್ದರೂ ಸಾಕು. ಇದೇ ಕಾರಣಕ್ಕೆ ಬಾಗಿಲ ಹತ್ತಿರ ನೀರು ತುಂಬಿ ಸೇವಂತಿಗೆ ತೇಲಿಬಿಟ್ಟಿದ್ದ ಹಿತ್ತಾಳೆ ಉರುಳಿಯನ್ನೂ ಎತ್ತಿಟ್ಟೆ. ಫೋಟೋಗೆ ಚೆಂದ ಬರುತ್ತಿತ್ತು ಅನ್ನೋದು ನಿಜ.

ಕಿಟ್‌ನಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂದಿದ್ದು ಕಪಾಟು ಬಿಗಿಯುವ ಆ ಪಟ್ಟಿ. 2016ರಲ್ಲಿ ಪೀಠೋಪಕರಣ ಕಂಪನಿ ಐಕಿಯಾ ಅಮೆರಿಕದಲ್ಲಿ ಸುಮಾರು 2.9 ಕೋಟಿ ಡ್ರಾಯರ್ ಕಪಾಟುಗಳನ್ನು ವಾಪಸ್ ಕರೆಯಬೇಕಾಯಿತು, ಮಕ್ಕಳ ಮೇಲೆ ಮಗುಚಿ ಬಿದ್ದು ಸಾವಾಗಿದ್ದಕ್ಕೆ. ಡ್ರಾಯರ್ ಎಳೆದರೆ ಮಗುವಿಗೆ ಅದು ಮೆಟ್ಟಿಲು. ನಮ್ಮ ಶೋಕೇಸನ್ನು ಡ್ರಿಲ್ ಹೊಡೆಸಿ ಗೋಡೆಗೆ ಬಿಗಿದಾಯಿತು. ಪ್ಲಗ್ಗಿಗೆ ಒಳಗೇ ಶಟರ್ ಇರುವ ಸಾಕೆಟ್ ಹಾಕಿಸಿದೆವು, ಜೊತೆಗೆ ಮೀಟರ್ ಪಕ್ಕ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು.

ದೀಪಾವಳಿಗೆ ಹಚ್ಚುವ ಎಲ್‌ಇಡಿ ಹಣತೆ ತಿರುಗಿಸಿ ನೋಡಿ. ತಳದಲ್ಲಿ ನಾಣ್ಯದಂಥ ಬ್ಯಾಟರಿ, ಬಹಳಷ್ಟಕ್ಕೆ ಸ್ಕ್ರೂ ಕೂಡ ಇರಲ್ಲ, ಉಗುರಿಗೇ ತೆರೆದುಕೊಳ್ಳುತ್ತದೆ. 20 ಮಿಲಿಮೀಟರಿನದು ಅನ್ನನಾಳದಲ್ಲಿ ಕೂತರೆ ಎರಡೇ ಗಂಟೆಯಲ್ಲಿ ಸುಟ್ಟುಬಿಡಬಹುದು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ ನೇರ ಆಸ್ಪತ್ರೆಗೆ. ನಮ್ಮ ಮನೆಯಲ್ಲಿ ಈ ಸಲ ಮಣ್ಣಿನ ಹಣತೆ, ಕಿಟಕಿಯ ಮೇಲಿನ ಹಲಗೆಯಲ್ಲಿ.

ಇನ್ನು ಉಳಿದಿರೋದು ಮಹಡಿಯ ರೇಲಿಂಗ್. ಸ್ಟೀಲಿನ ಅಡ್ಡ ಪೈಪುಗಳು, ಈಗ ಎಲ್ಲ ಹೊಸ ಮನೆಗಳಲ್ಲೂ ಅದೇ ಫ್ಯಾಶನ್. ಹತ್ತೋಕೆ ಹೇಳಿ ಮಾಡಿಸಿದ ಏಣಿ! ಕೆಳಗಿನ ಹಳೇ ಕಿಟಕಿಗಳ ಸರಳು ನೆಟ್ಟಗೆ ನಿಂತಿವೆ, ಕಾಲಿಡಲು ಜಾಗವೇ ಇಲ್ಲ. ಮಹಡಿಗೂ ಹಾಗೇ ಮಾಡಿಸುತ್ತಿದ್ದೇನೆ, ಸರಳುಗಳ ನಡುವೆ 10 ಸೆಂಟಿಮೀಟರಿಗಿಂತ ಹೆಚ್ಚು ಸಂದು ಬಿಡಬೇಡಿ ಅಂತ ವೆಲ್ಡಿಂಗಿನವರಿಗೆ ಬರೆದುಕೊಟ್ಟಿದ್ದೇನೆ. "ಲುಕ್ ಹೋಗುತ್ತೆ ಮೇಡಂ" ಅಂದರು. ನಾಳೆ ಬರ್ತೀವಿ ಅನ್ನೋದೂ ನಡೆದೇ ಇದೆ. ಅವರು ಬರೋವರೆಗೆ ಬಾಲ್ಕನಿಗೆ ಬೀಗ, ಬಟ್ಟೆ ಒಣಗೋದು ಅಂಗಳದಲ್ಲಿ.