ದೊಡ್ಡಪ್ಪ ಹಾಕಿದ ಪಾಟೀಸವಾಲು

ತೀರ್ಥಹಳ್ಳಿ ಹತ್ತಿರದ ದೊಡ್ಡಮ್ಮನ ಮನೆಯಲ್ಲಿ ಒಂದು ಮಳೆಗಾಲದ ಮಧ್ಯಾಹ್ನ. ಕರೆಂಟಿಲ್ಲ. ಜಗಲಿಯಲ್ಲಿ ಕೂತು ಎ. ಎ. ಮಿಲ್ನ್ ಬರೆದ ‘ದಿ ರೆಡ್ ಹೌಸ್ ಮಿಸ್ಟರಿ’ ಓದುತ್ತಿದ್ದೆ. ವಿನ್ನಿ ದಿ ಪೂ ಎಂಬ ಕರಡಿಯ ಕಥೆ ಬರೆದರಲ್ಲ, ಅದೇ ಮಿಲ್ನ್. ಈ ಕೊಲೆ ಕಥೆ ಬಂದದ್ದು 1922ರಲ್ಲಿ, ಕರಡಿಗಿಂತ ನಾಲ್ಕು ವರ್ಷ ಮೊದಲು.

“ಎಂತದೇ ಅದು, ಒಬ್ಳೇ ನಗಾಡ್ತಿದೀಯಲ್ಲ?” ಅಂದರು ದೊಡ್ಡಪ್ಪ.

“ಕೊಲೆ ಕಥೆ ದೊಡ್ಡಪ್ಪ.”

ಅವರು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದವರು. ಕೊಲೆಗೆ ನಗುವುದು ಅವರಿಗೆ ಸರಿಬರಲಿಲ್ಲ. ಪೂರ್ತಿ ಕಥೆ ಹೇಳು ಅಂದರು.

ಇಂಗ್ಲೆಂಡಿನ ಹಳ್ಳಿಗಾಡಿನ ದೊಡ್ಡ ಬಂಗಲೆ. ಯಜಮಾನ ಮಾರ್ಕ್. ಅತಿಥಿಗಳು ಗಾಲ್ಫ್ ಆಡಲು ಹೋಗಿದ್ದಾರೆ. ಹದಿನೈದು ವರ್ಷ ಆಸ್ಟ್ರೇಲಿಯಾದಲ್ಲಿದ್ದ ಮಾರ್ಕ್‌ನ ಪೋಲಿ ಸಹೋದರ ರಾಬರ್ಟ್ ಬರುವ ದಿನ ಅದು. ಗುಂಡಿನ ಸದ್ದು. ಬೀಗ ಬಿದ್ದ ಕೋಣೆಯಲ್ಲಿ ಹೆಣ, ಮಾರ್ಕ್ ನಾಪತ್ತೆ. ಅದೇ ಹೊತ್ತಿಗೆ ಗೆಳೆಯ ಬಿಲ್‌ನನ್ನು ನೋಡಲು ಬಂದ ಆಂಟನಿ ಗಿಲಿಂಗ್‌ಹ್ಯಾಂ ಸುಮ್ನೆ ಖುಷಿಗೆ ಪತ್ತೇದಾರನಾಗುತ್ತಾನೆ. ಬಿಲ್‌ಗೆ ತಾನು ಷರ್ಲಾಕ್ ಹೋಮ್ಸ್‌ನ ಜೊತೆಗಾರ ವಾಟ್ಸನ್ ಆದೆನೆಂಬ ಸಂಭ್ರಮ! ಮನೆಯಲ್ಲಿ ಸಾವಾಗಿದೆ, ಇವರಿಬ್ಬರೂ ರಜೆಯಲ್ಲಿ ಅಜ್ಜಿಮನೆಗೆ ಬಂದ ಹುಡುಗರ ಹಾಗೆ ಗುಪ್ತದಾರಿ ಹುಡುಕುತ್ತಾರೆ. ನನ್ನ ನಗು ಅದಕ್ಕೇ.

ಮಿಲ್ನ್ ಮೊದಲು ‘ಪಂಚ್’ ಎಂಬ ಹಾಸ್ಯ ಪತ್ರಿಕೆಯಲ್ಲಿ ಸಹಾಯಕ ಸಂಪಾದಕರಾಗಿದ್ದವರು. ಪತ್ತೇದಾರಿ ಕಥೆ ಬರೀತೀನಿ ಅಂದಾಗ ಅವರ ಏಜೆಂಟರು, ಜನಕ್ಕೆ ನಿಮ್ಮಿಂದ ಹಾಸ್ಯ ಬೇಕು ಅಂದರಂತೆ. ಎರಡು ವರ್ಷ ಬಿಟ್ಟು ಮಕ್ಕಳ ಪದ್ಯ ಬರೀತೀನಿ ಅಂದರೆ, ಈಗ ಬೇಕಿರುವುದು ಪತ್ತೇದಾರಿ ಅಂದರಂತೆ! ಮುಂದೆ ಬರೆದ ಮುನ್ನುಡಿಯಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ.

ದೊಡ್ಡಪ್ಪನಿಗೆ ಹಿಡಿಸಿದ್ದು ಬೇರೆಯೇ. ಮಾರ್ಕ್‌ನ ಬಂಧು ಕೇಲಿ, ಕಿಟಕಿ ಒಡೆದು ಒಳಗೆ ಹೋಗೋಣವೆಂದು ಆಂಟನಿ ಜೊತೆ ಓಡುತ್ತಾನೆ. ಆದರೆ ಸುತ್ತು ದಾರಿಯಲ್ಲಿ. ಅಷ್ಟು ಅವಸರ ಇದ್ದವನು ಹತ್ತಿರದ ದಾರಿ ಬಿಟ್ಟದ್ದೇಕೆ? “ಹಾಂ, ಅಲ್ಲೇ ಇದೆ ನೋಡು ಹುಳುಕು” ಅಂತ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಆಮೇಲೆ ಕೇಳಿದರು: “ಸತ್ತವ ರಾಬರ್ಟೇ ಅಂತ ಗುರುತು ಹಿಡಿದವ್ರು ಯಾರು?”

ನನಗೆ ನಗು ತಡೆಯಲಾಗಲಿಲ್ಲ. 1944ರಲ್ಲಿ ಅಮೆರಿಕದ ಪತ್ತೇದಾರಿ ಕಾದಂಬರಿಕಾರ ರೇಮಂಡ್ ಚಾಂಡ್ಲರ್ ಎತ್ತಿದ ತಕರಾರೂ ಇದೇ. ಲವಲವಿಕೆಯ ಪುಸ್ತಕ ಅಂತ ಒಪ್ಪಿಕೊಂಡೇ, ಗುರುತನ್ನೇ ಖಚಿತಪಡಿಸದ ವಿಚಾರಣೆ ಎಂಥದ್ದು ಅಂತ ಅವರು ಕಥೆಯನ್ನು ಜಾಲಾಡಿದ್ದರು. ಜಾಸ್ತಿ ಹೇಳಿದರೆ ಗುಟ್ಟು ರಟ್ಟಾಗುತ್ತದೆ, ಬಿಡಿ.

“ಲಾಜಿಕ್ ಇಲ್ಲ ಅಂದ್ರೆ ನಿಲ್ಲಿಸ್ಲಾ ದೊಡ್ಡಪ್ಪ?”

“ಪೊಲೀಸ್ರು ದಡ್ಡರು, ಅಷ್ಟೇ. ಆ ಗುಪ್ತದಾರಿ ಎಲ್ಲಿಗೆ ಹೋಯ್ತು, ಅದನ್ನ ಹೇಳು ಮೊದ್ಲು.”