ರಾಜೀನಾಮೆ ಬರೆಯುವ ಮೊದಲು ಇದನ್ನು ಓದಿ

ಸ್ಟ್ರೋಕ್ ಆದಾಗ ನಮ್ಮ ಭಾವನಿಗೆ 41 ವರ್ಷ. ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಕೆಲಸ, ದಿನವೂ ಓಡಾಟ. ಬಲಗೈ ಬಲಗಾಲು ಎರಡೂ ಸ್ವಾಧೀನ ತಪ್ಪಿದವು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕಚೇರಿಯಿಂದ ಇಬ್ಬರು ನೋಡಲು ಬಂದರು, ತುಂಬಾ ಹೊತ್ತು ಕೂತು ಧೈರ್ಯ ಹೇಳಿದರು, ಹೊರಡುವಾಗ ಅಕ್ಕನನ್ನು ಪಕ್ಕಕ್ಕೆ ಕರೆದು "ಮೇಡಂ, ಇನ್ನು ಅವರ ಕೈಲಿ ಆಗೋದಿಲ್ಲ, ಒಂದು ರಾಜೀನಾಮೆ ಬರೆಸಿಬಿಡಿ, ದುಡ್ಡಾದರೂ ಬೇಗ ಬರುತ್ತೆ" ಅಂದರು.

ಅವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಗೊತ್ತಿರಲಿಲ್ಲ, ಅಷ್ಟೇ. ನಮಗೂ ಗೊತ್ತಿರಲಿಲ್ಲ. ಅಕ್ಕ ಆ ರಾತ್ರಿಯೇ ಪತ್ರ ಬರೆದಿಟ್ಟಳು. ಭಾವನಿಗೆ ಸಹಿ ಹಾಕಲು ಬಲಗೈ ಏಳುತ್ತಿರಲಿಲ್ಲ, ಆ ಒಂದು ಕಾರಣಕ್ಕೆ ಪತ್ರ ಉಳಿಯಿತು.

ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೆಲ್ಲ ಲೆಕ್ಕದಿಂದ ಹೋಗುತ್ತದೆ. ಗ್ರಾಚ್ಯುಟಿ ಕೂಡ. ಹದಿಮೂರು ವರ್ಷ ದುಡಿದಿದ್ದು ಒಂದು ಸಹಿಯಲ್ಲಿ ಹೋಗುತ್ತಿತ್ತು. ಅನಾರೋಗ್ಯದಿಂದ ಕೆಲಸ ಬಿಡುವುದು ಬೇರೆ, ರಾಜೀನಾಮೆ ಬೇರೆ. ಕಚೇರಿಯ ಕಾಗದದಲ್ಲಿ ಇವೆರಡರ ನಡುವೆ ಆಕಾಶ ಭೂಮಿ ಅಂತರ ಇದೆ.

ಇನ್ನೊಂದು ವಿಷಯವಂತೂ ನನಗೆ ಗೊತ್ತೇ ಇರಲಿಲ್ಲ. ಪೆನ್ಷನ್ ಮಾತು ಬರುವುದು ಆಮೇಲೆ. ಮೊದಲು ಬರುವುದು ಕೆಲಸ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20(4)ನೇ ಸೆಕ್ಷನ್ ಪ್ರಕಾರ, ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂತು ಅಂತ ಸರ್ಕಾರಿ ನೌಕರನನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಹಳೆಯ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆಗೆ ಹಾಕಬೇಕು. ಅದೂ ಇಲ್ಲದಿದ್ದರೆ ಸರಿಯಾದ ಹುದ್ದೆ ಸಿಗುವವರೆಗೆ, ಇಲ್ಲವೇ ನಿವೃತ್ತಿ ವಯಸ್ಸಿನವರೆಗೆ, ಹೆಚ್ಚುವರಿ ಹುದ್ದೆ ಮಾಡಿ ಅದರಲ್ಲಿ ಇಟ್ಟುಕೊಳ್ಳಬಹುದು. ಇದು ಹೊಸ ಮಾತೂ ಅಲ್ಲ, 1995ರ ಕಾಯ್ದೆಯ 47ನೇ ಸೆಕ್ಷನ್‌ನಲ್ಲೇ ಇತ್ತು. ಕುನಾಲ್ ಸಿಂಗ್ ಎಂಬ ಕಾನ್‌ಸ್ಟೇಬಲ್ ಕರ್ತವ್ಯದಲ್ಲಿ ಗಾಯಗೊಂಡು ಎಡಗಾಲು ಕಳೆದುಕೊಂಡರು, ಅಶಕ್ತರೆಂದು ಅವರನ್ನು ಮನೆಗೆ ಕಳಿಸಿದ್ದರು. 2003ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಅಶಕ್ತತಾ ಪಿಂಚಣಿ ಸಿಗುತ್ತಿದೆ ಎಂಬ ನೆಪ ಹೇಳಿ ಈ ರಕ್ಷಣೆಯನ್ನು ತಪ್ಪಿಸುವಂತಿಲ್ಲ ಅಂದಿತು. ಈಗ ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳ ಯೋಧ ಹುದ್ದೆಗಳಿಗೆ ಈ ರಕ್ಷಣೆ ಅನ್ವಯಿಸದಂತೆ 2021ರಿಂದ ವಿನಾಯಿತಿ ಕೊಟ್ಟಿದ್ದಾರೆ. ಆ ತೀರ್ಪು ಬಂದಿದ್ದೇ ಒಬ್ಬ ಕಾನ್‌ಸ್ಟೇಬಲ್‌ನಿಂದ, ಅದಕ್ಕೇ ನನಗೆ ಈ ವಿನಾಯಿತಿ ನೋಡಿ ಬೇಜಾರಾಗುತ್ತದೆ.

ನಿಜವಾಗಿಯೂ ಯಾವ ಕೆಲಸವೂ ಆಗದ ಸ್ಥಿತಿ ಇದ್ದರೆ? ಆಗ ಅಶಕ್ತತಾ ಪಿಂಚಣಿ, ಕಚೇರಿಯವರ ಬಾಯಲ್ಲಿ ಇನ್‌ವ್ಯಾಲಿಡ್ ಪೆನ್ಷನ್. ಮೆಡಿಕಲ್ ಬೋರ್ಡ್ ಪರೀಕ್ಷೆ ಮಾಡಿ, ಶಾಶ್ವತವಾಗಿ ಅಸಮರ್ಥ ಅಂತ ಪ್ರಮಾಣಪತ್ರ ಕೊಡಬೇಕು. ಮೊದಲು ಹತ್ತು ವರ್ಷ ಸೇವೆ ಆಗಿರಲೇಬೇಕಿತ್ತು. ಕೇಂದ್ರ ನೌಕರರಿಗೆ 2019ರ ಜನವರಿಯಲ್ಲಿ ಆ ಷರತ್ತು ತೆಗೆದರು. ಕೆಲಸಕ್ಕೆ ಸೇರಿದ ಎರಡೇ ವರ್ಷಕ್ಕೆ ಮಲಗಿಬಿಟ್ಟ ಹುಡುಗನಿಗೂ ಈಗ ಪೆನ್ಷನ್ ಇದೆ. ಕರ್ತವ್ಯದ ಕಾರಣಕ್ಕೇ ಅಂಗವೈಕಲ್ಯ ಬಂದಿದ್ದರೆ ಅದಕ್ಕೆ ಬೇರೆಯೇ ನಿಯಮ, ಹಣವೂ ಜಾಸ್ತಿ. ಹಾಗಾಗಿ ಅಪಘಾತ ಆದ ದಿನ ಎಲ್ಲಿದ್ದರು, ಯಾವ ಡ್ಯೂಟಿ ಮೇಲಿದ್ದರು ಎಂಬ ಕಾಗದಪತ್ರ ಆಗಲೇ ಎತ್ತಿಟ್ಟುಕೊಳ್ಳಿ, ವರ್ಷ ಕಳೆದ ಮೇಲೆ ಹುಡುಕಿದರೆ ಸಿಗುವುದಿಲ್ಲ.

ಭಾವ ಸೇರಿದ್ದು 2004ರ ನಂತರ, ಅಂದರೆ ಎನ್‌ಪಿಎಸ್, ನೌಕರ ಮತ್ತು ಸರ್ಕಾರ ಇಬ್ಬರೂ ಪಾಲು ಕಟ್ಟುವ ಹೊಸ ಪಿಂಚಣಿ ವ್ಯವಸ್ಥೆ. "ಎನ್‌ಪಿಎಸ್‌ನವರಿಗೆ ಇದೆಲ್ಲ ಇಲ್ಲ" ಅಂತ ಒಬ್ಬರಲ್ಲ, ನಾಲ್ಕು ಜನ ಹೇಳಿದರು. ತಪ್ಪು. ಎನ್‌ಪಿಎಸ್ ಬಗ್ಗೆ ಕೇಂದ್ರ ಮಾಡಿದ 2021ರ ನಿಯಮದಲ್ಲಿ ಫಾರ್ಮ್ 1 ಅಂತ ಒಂದಿದೆ. ಸತ್ತರೆ ಅಥವಾ ಅಶಕ್ತರಾಗಿ ಹೊರಬಂದರೆ ಹಳೆಯ ಪೆನ್ಷನ್ ನಿಯಮದ ಸೌಲಭ್ಯ ಬೇಕೋ, ಎನ್‌ಪಿಎಸ್‌ನಲ್ಲಿ ಕೂಡಿದ ಹಣ ಬೇಕೋ ಅಂತ ಅದರಲ್ಲಿ ಬರೆದುಕೊಡಬೇಕು. ಹಳೆಯ ನಿಯಮ ಆರಿಸಿದರೆ ನೀವು ಕಟ್ಟಿದ ಪಾಲು ಅದರ ಗಳಿಕೆ ಸಮೇತ ನಿಮಗೆ ವಾಪಸ್, ಸರ್ಕಾರದ ಪಾಲು ಸರ್ಕಾರಕ್ಕೆ. ಫಾರ್ಮ್ ಕೊಡದೇ ಇದ್ದರೂ ಸೇವೆಯ ಮೊದಲ 15 ವರ್ಷ ಹಳೆಯ ನಿಯಮವೇ ಅನ್ವಯ. ಆಮೇಲೆ ಹಾಗಲ್ಲ.

ರಾಜ್ಯ ಸರ್ಕಾರದ ನೌಕರರಿಗೆ ಪೆನ್ಷನ್ ನಿಯಮಗಳು ಬೇರೆ, ಅವರು ತಮ್ಮ ಇಲಾಖೆಯಲ್ಲೇ ಕೇಳಬೇಕು. 20(4) ಮಾತ್ರ ರಾಜ್ಯಕ್ಕೂ ಅನ್ವಯಿಸುತ್ತದೆ.

ನಾವು ಮಾಡಿದ್ದು ಇಷ್ಟೇ. ಒಂದು ಪುಟದ ಅರ್ಜಿ, 20(4) ಅಂತ ಸ್ಪಷ್ಟವಾಗಿ ಬರೆದು, ಡಾಕ್ಟರ ಪತ್ರ ಲಗತ್ತಿಸಿ, ಕಚೇರಿಯಲ್ಲಿ ಕೊಟ್ಟು ನಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬಂದೆವು. ಉತ್ತರಕ್ಕೆ ಏಳು ತಿಂಗಳು ಹಿಡಿಯಿತು, ನಡುವೆ ರಜೆ ಮುಗಿಯುತ್ತಾ ಬಂದು ಅಕ್ಕ ದಿನಾ ಅಳುತ್ತಿದ್ದಳು. ಈಗ ಭಾವ ಅದೇ ಸಂಬಳಕ್ಕೆ ಕಡತ ವಿಭಾಗದಲ್ಲಿ ಕೂರುತ್ತಾರೆ, ಎಡಗೈಯಲ್ಲಿ ಟೈಪ್ ಮಾಡುತ್ತಾರೆ.

ನಿಮ್ಮ ಮನೆಯಲ್ಲಿ ಕೇಂದ್ರ ಸರ್ಕಾರಿ ನೌಕರರಿದ್ದರೆ, ಎನ್‌ಪಿಎಸ್‌ನಲ್ಲಿದ್ದರೆ, ಫಾರ್ಮ್ 1ರಲ್ಲಿ ಏನು ಬರೆದಿದ್ದಾರೆ ಅಂತ ಇವತ್ತೇ ಕೇಳಿ. ನಮ್ಮ ಭಾವನ ಸೇವಾ ಪುಸ್ತಕದಲ್ಲಿ ಅದು ಇರಲೇ ಇಲ್ಲ. ಕಳೆದ ತಿಂಗಳು ಎಡಗೈಯಲ್ಲಿ ಸಹಿ ಹಾಕಿ ಕೊಟ್ಟು ಬಂದರು.